ಕನ್ನೆಯರ ದಿಬ್ಬ

“ಆ ದಿಬ್ಬಕ್ಕೆ ನೇಗಿಲು ಹೂಡಬೇಡಿ ಅಳಿಯಂದಿರೇ. ಅದು ಗೆಫ್ಯೂನಳದು,” ಎಂದಳು ಆಸ್ವೋರ್.

ಸ್ವೇರ್ಟಿಂಗ್ ನೊಗದ ಹಗ್ಗ ಬಿಗಿಯುತ್ತಲೇ ನಕ್ಕ. ಸ್ವೀಯರ ನಾಡಿನಿಂದ ಕಡಲು ದಾಟಿ ಬಂದು, ಸೇಲುಂಡ್ ದ್ವೀಪದ ಈ ಮನೆಯ ಹಿರಿಮಗಳು ಇಂಗ್ವಿಲ್ಡಳ ಕೈಹಿಡಿದು ಇನ್ನೂ ವರ್ಷ ತುಂಬಿರಲಿಲ್ಲ. ಮದುವೆಯಾಗದೆ ಸತ್ತ ಹೆಣ್ಣುಮಕ್ಕಳನ್ನೆಲ್ಲ ಆ ದಿಬ್ಬದಲ್ಲಿ ಹೂಳುತ್ತಿದ್ದರು. ಅವರು ಗೆಫ್ಯೂನ್ ದೇವಿಯ ಮನೆ ಸೇರುತ್ತಾರೆಂದು ಇಲ್ಲಿನವರ ನಂಬಿಕೆ. ಜ್ವರದಲ್ಲಿ ತೀರಿಕೊಂಡ ಕಿರಿಮಗಳು ಹಲ್ಬೇರಳೂ ಅಲ್ಲೇ ಮಲಗಿದ್ದಳು. ಅವಳ ಮೇಲಿನ ಮಣ್ಣಿಗೆ ಇನ್ನೂ ಹುಲ್ಲು ಹತ್ತಿರಲಿಲ್ಲ. ಸ್ವೇರ್ಟಿಂಗನ ಕಣ್ಣಿಗೆ ಕಂಡದ್ದು ಕೊಬ್ಬಿದ ಕಪ್ಪು ಮಣ್ಣು ಮಾತ್ರ.

“ಯಾವ ಗೆಫ್ಯೂನ್, ಅತ್ತೆ? ಒಬ್ರು ಕನ್ಯೆ ಅಂತೀರಿ. ಇನ್ನೊಬ್ರು ನಾಲ್ಕು ಗಂಡುಮಕ್ಕಳ ತಾಯಿ, ಅವರನ್ನ ಎತ್ತು ಮಾಡಿ ನಮ್ಮ ನಾಡಿನ ನೆಲಾನೇ ಉತ್ತು ಎಳ್ಕೊಂಡು ಬಂದು ಈ ದ್ವೀಪ ಮಾಡಿದ್ಲು ಅಂತೀರಿ. ಮತ್ತೊಬ್ರು ಒಂದು ಸರದಾಸೆಗೆ ಯಾವನ ಜೊತೆಗೋ ಮಲಗಿದ್ಲು ಅಂತೀರಿ. ಮೊದ್ಲು ಎಲ್ಲಾ ಕೂತು ಒಂದು ಕತೆ ಗಟ್ಟಿ ಮಾಡ್ಕೊಳ್ಳಿ. ಹಂಗೆ ನೋಡಿದ್ರೆ ಇದು ನಮ್ಮ ನೆಲ. ಕದ್ದ ಮಾಲು ವಾಪಸ್ ತಗೊಳ್ತಿದೀನಿ, ಅಷ್ಟೇ.”

ಆಸ್ವೋರಳ ಕೆನ್ನೆ ಅದುರಿತು. ಅವಳು ಮನೆಯತ್ತ ತಿರುಗಿದಳು.

ದಿಬ್ಬದ ಅಂಚಿಗೆ ಬಂದು ಎತ್ತುಗಳು ನಿಂತುಬಿಟ್ಟವು. ತೊಡೆಯಲ್ಲಿ ರಕ್ತ ಒಸರುವವರೆಗೆ ಅವನು ತಿವಿದ. ಕೊನೆಗೆ ಗುಳ ನೆಲಕ್ಕಿಳಿಯಿತು. ಸಾಲಿನಿಂದ ಕೊಳೆತ ಉಣ್ಣೆಯ ವಾಸನೆ ಎದ್ದಿತು. ಮಣ್ಣಿನ ಹೆಂಟೆಯಲ್ಲಿ ಒಂದು ಬಾಚಣಿಗೆ ಬಂತು, ಅದಕ್ಕೆ ಸುತ್ತಿಕೊಂಡ ಹೊಂಬಣ್ಣದ ಕೂದಲು ಬಂತು, ಹಿಂದೆಯೇ ಜೇನುಬಣ್ಣದ ಅಂಬರ್ ಮಣಿಸರ.

ಸಂಜೆ ಊಟದ ಹೊತ್ತಿಗೆ, ತೊಳೆದ ಆ ಸರವನ್ನು ಅವನು ಹೆಂಡತಿಯ ಮಡಿಲಿಗೆ ಎಸೆದ. ಬಾರ್ಲಿ ಗಂಜಿ ಕದಡುತ್ತಿದ್ದ ಇಂಗ್ವಿಲ್ಡಳ ಕೈ ನಿಂತಿತು. ತಂಗಿಯ ತಣ್ಣನೆಯ ಕೊರಳಿಗೆ ಆ ಸರ ಕಟ್ಟಿದ್ದವಳು ಅವಳೇ.

“ಇದನ್ನ ಅವಳ ಕೊರಳಿಂದ ತೆಗೆದ್ರಾ?”

“ಕೇಳ್ದೆ. ಬೇಡ ಅನ್ನಲಿಲ್ಲ,” ಎಂದು ಅವನು ಗಂಜಿ ಸುರಿದುಕೊಂಡ.

ಇಂಗ್ವಿಲ್ಡ್ ಅಳಲಿಲ್ಲ. ಒಲೆಯಾಚೆ ಕೂತಿದ್ದ ತಾಯಿಯ ಮುಖ ನೋಡಿದಳು. ಇಬ್ಬರ ಕಣ್ಣಲ್ಲೂ ಒಂದೇ ಬೆಂಕಿ ಉರಿಯುತ್ತಿತ್ತು.

ಬೆಳಿಗ್ಗೆ ದಿಬ್ಬದ ಮೇಲೆ ಮಂಜು ಕವಿದಿತ್ತು. ಹಿಂದಿನ ದಿನ ತಿವಿಸಿಕೊಂಡು, ರಾತ್ರಿಯೆಲ್ಲ ನೊಗ ಬಿಚ್ಚದೆ ಅಲ್ಲೇ ಬಿದ್ದಿದ್ದ ಎತ್ತುಗಳಲ್ಲಿ ಒಂದು ಏಳಲೇ ಇಲ್ಲ. ಶಪಿಸುತ್ತ ಸ್ವೇರ್ಟಿಂಗ್ ಅದರ ನೊಗ ಬಿಚ್ಚಲು ಬಗ್ಗಿದ. ನೊಗಕ್ಕೆ ಏನೋ ಜಿಗಟು ಮೆತ್ತಿತ್ತು. ರಕ್ತ, ಗೋರಿಯ ಮಣ್ಣು. ತಲೆ ಎತ್ತಿದರೆ ಅಕ್ಕಪಕ್ಕದಲ್ಲಿ ತಾಯಿ, ಮಗಳು, ಬೆರಳಿಗೆಲ್ಲ ಅದೇ ಮೆತ್ತಿಕೊಂಡು.

“ಒಂದು ಕತೆ ಗಟ್ಟಿ ಮಾಡಿ ಅಂದ್ರಲ್ಲ, ಕೇಳಿ,” ಎಂದಳು ಆಸ್ವೋರ್. “ಆ ನಾಲ್ಕು ಎತ್ತು ಅವಳ ಮಕ್ಕಳಲ್ಲ. ಅವಳ ಮೈಮೇಲೆ ಕೈಹಾಕಕ್ಕೆ ಬಂದೋರು. ಗಂಡಸರು ಹೆದರ್ಕೋಬಾರ್ದು ಅಂತ ಮಕ್ಕಳು ಅಂತೀವಿ.”

ಇಂಗ್ವಿಲ್ಡ್ ಹಲ್ಲು ಕಚ್ಚಿ ದೇವಿಯ ಹೆಸರು ಹೇಳಿದಳು. ಮಣಿಸರ ಅವನ ಕೊರಳಿಗೆ ಬಿತ್ತು. ಬಿಗಿಯಿತು. ಕೀಳಲು, ನೆಲಕ್ಕೂರಿದ ಕೈ ಎತ್ತಹೋದ. ಕೈ ನೆಲ ಬಿಡಲಿಲ್ಲ. ಬೆರಳುಗಳು ಕೂಡಿಕೊಂಡವು. ಗಟ್ಟಿಯಾದವು. ಬೆನ್ನುಮೂಳೆ ಲಟಲಟನೆ ಮುರಿದು ಉದ್ದವಾಯಿತು. ನಾಲಿಗೆ ದಪ್ಪವಾಗಿ ಬಾಯಿ ತುಂಬಿತು. ಮಂಜಿನೊಳಗೆ ಯಾರೋ ಹುಡುಗಿಯರು ನಡೆದಾಡಿದಂತಾಯಿತು. ಹತ್ತಿರ. ಇನ್ನೂ ಹತ್ತಿರ. ಹೆಂಡತಿಯ ಹೆಸರು ಕೂಗಿದ. ಹೊರಟದ್ದು ಅಂಬಾ ಎಂಬ ಕೂಗು.

ಅವನಿಂದಲೇ ಆ ದಿನ ದಿಬ್ಬದ ಸಾಲು ಮುಚ್ಚಿಸಿದರು.

ಚಳಿಗೆ ಮುಂಚೆ ದನ ಕಡಿಯುವ ತಿಂಗಳು ಬಂತು. ಕೊಡಲಿ ಹೊತ್ತು ಬಂದ ನೆರೆಮನೆಯ ಓಡಿಂಕಾರ್, ಗಂಡನೆಲ್ಲಿ ಎಂದು ವಿಚಾರಿಸಿದ. ಕಡಲು ದಾಟಿ ತನ್ನೂರಿಗೆ ಹೋದನೆಂದಳು ಇಂಗ್ವಿಲ್ಡ್. ಕೊಟ್ಟಿಗೆಯಲ್ಲಿ ಹೊಸ ಎತ್ತೊಂದು ಹಗ್ಗ ಜಗ್ಗಿ ಮುಂದೆ ಬಂದು, ಕೊಡಲಿಯ ಕೆಳಗೆ ಕತ್ತು ಚಾಚಿ ನಿಂತಿತು. ಅದರ ಕಣ್ಣಿಂದ ನೀರು ಹರಿಯುತ್ತಿತ್ತು.

“ತಾನೇ ಕತ್ತು ಕೊಡ್ತಿದೆಯಲ್ಲ, ಇದನ್ನೇ ಕಡಿಯೋಣ,” ಎಂದ ಓಡಿಂಕಾರ್.

ಇಂಗ್ವಿಲ್ಡ್ ಅದರ ದವಡೆ ಬಿಡಿಸಿ ಹಲ್ಲು ನೋಡಿದಳು.

“ಅದು ಬೇಡ ಅಣ್ಣ. ಇನ್ನೂ ಎಳೇದು. ಬಹಳ ವರ್ಷ ಉಳುತ್ತೆ.”