ಮರಣದ ಪುಸ್ತಕದ ಕೊನೆಯ ಹಾಳೆ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಮಂಚೇನಹಳ್ಳಿ ದಾಟಿದ ಮೇಲೆ ತಿರುಮಲೇಶ್ ಎರಡು ಸಲ ಬೈಕ್ ನಿಲ್ಲಿಸಿ, ಮುಂದೆ ದಾರಿ ಇದೆಯೋ ಇಲ್ಲವೋ ಎಂದು ಇಳಿದು ನೋಡಬೇಕಾಯಿತು. ಪುಷ್ಯಮಾಸದ ಚಳಿ. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬರುತ್ತಿತ್ತು. ತೋಟ ಮಾತ್ರ ಕಾಣುತ್ತಿರಲಿಲ್ಲ. ಹಿಂದೆ ಕೂತಿದ್ದ ಹೆಂಡತಿ ಹರಿತಾಗೆ ಚರ್ಚು ಕಾಣಿಸಿದ್ದು ಅದರ ಬಾಗಿಲಿಗೇ ಬಂದು ನಿಂತಾಗ.

ಬೀಗದ ಕೈ ಇದ್ದದ್ದು ಅಕ್ಕಯಮ್ಮನ ಬಳಿ. ಎಪ್ಪತ್ತು ದಾಟಿದ ಆ ಮುದುಕಿ ಚರ್ಚಿನ ಜಗಲಿಯಲ್ಲಿ ಕೂತು ಮಚ್ಚಿನಿಂದ ರೇಷ್ಮೆಹುಳುವಿಗೆ ಸೊಪ್ಪು ಕತ್ತರಿಸುತ್ತಿದ್ದಳು. ಹರಿತಾ ಬಂದ ಕಾರಣ ಹೇಳಿದಳು. ಗೋವೆಯಲ್ಲಿ ಮೂರು ವರ್ಷ ಇದ್ದು ಹಳೆಯ ಪೋರ್ಚುಗೀಸ್ ಕೈಬರಹ ಓದುವುದನ್ನು ಕಲಿತವಳು ಅವಳು. ಬೇರೆಯವರ ವಂಶವೃಕ್ಷ ಬರೆದುಕೊಡುವುದೇ ಅವಳ ಕೆಲಸ. ಈ ಸಲ ಹುಡುಕುತ್ತಿದ್ದುದು ಗಂಡನ ಮನೆಯವರನ್ನೇ. ತಿರುಮಲೇಶನ ತಾತನ ತಾತ ಈ ಚರ್ಚಿಗೆ ಸೇರಿದ್ದವನು, ಬಿಟ್ಟು ಶಿಡ್ಲಘಟ್ಟಕ್ಕೆ ಹೊರಟವನು. ಅವನ ಹೆಸರನ್ನೇ ತಲೆಮಾರಿಗೊಬ್ಬ ಗಂಡುಮಗುವಿಗೆ ಇಡುತ್ತ ಬಂದಿದ್ದರು. ಪೂರ್ತಿ ಹೆಸರೇನಿತ್ತೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಮಚ್ಚು ನಿಂತಿತು. ಗೋವೆಯ ಪಾದ್ರಿಗಳ ಕಾಲದ ಪುಸ್ತಕ ಮೂರಿವೆ, ಜ್ಞಾನಸ್ನಾನದ್ದು, ಮದುವೆಯದು ಎಷ್ಟು ಬೇಕಾದರೂ ನೋಡಬಹುದು ಎಂದಳು ಅಕ್ಕಯಮ್ಮ. ಮರಣದ ಪುಸ್ತಕದ ಮಾತು ಬಂದಾಗ ಶಿಲುಬೆಯ ಗುರುತು ಮಾಡಿಕೊಂಡಳು. ಚರ್ಚು ಬಿಟ್ಟು ಹೊರಟ ಆ ತಾತನ ಮೇಲೆ ಹಗೆಯಿದ್ದ ಗುಮಾಸ್ತನೊಬ್ಬ, ಮಾಟಗಾರನಿಂದ ಮಸಿ ಕಾಯಿಸಿ ತಂದು, ಬದುಕಿದ್ದವನ ಹೆಸರನ್ನು ಸತ್ತವರ ಸಾಲಿನಲ್ಲಿ ಬರೆದಿದ್ದನಂತೆ. ಅಕ್ಷರಕ್ಕೊಂದು ಮೂಳೆ ಮುರಿದು ಆ ಮನುಷ್ಯ ಸತ್ತ. ಪಾದ್ರಿ ನಲವತ್ತು ದಿನ ಉಪವಾಸವಿದ್ದು ಪ್ರಾರ್ಥಿಸಿದರೂ ಕೊನೆಯ ಹಾಳೆಯ ಹಸಿವು ಇಳಿಯಲಿಲ್ಲ.

"ಓದ್ಕೊ ತಾಯಿ, ಬೇಡ ಅನ್ನಲ್ಲ. ಅದರ ಮೇಲೆ ಕೈಯಿಟ್ಟು ಬರೆಯೋದು ಮಾತ್ರ ವದ್ದಮ್ಮ, ಬ್ಯಾಡ. ಒಂದ್ಸಲ ಶುರುವಾದ್ರೆ ಹೆಸರಿನೋರ ಜೀವ ತಗೊಂತದೆ, ಇಲ್ಲ ಬರೆದ ಬೆರಳು ತಗೊಂತದೆ. ಸುಮ್ನೆ ಬಿಡಲ್ಲ."

ಹರಿತಾ ನಕ್ಕಳು. "ನಾನು ಮುಟ್ಟಿರೋ ಪುಸ್ತಕಗಳಿಗೆಲ್ಲ ಹಸಿವಿದ್ದಿದ್ರೆ, ಇಷ್ಟೊತ್ತಿಗೆ ನನ್ನ ತಿಂದು ತೇಗಿರೋವು ಅಜ್ಜಿ."

"ಮೊದ್ಲು ನನ್ನ ತಿನ್ನಲಿ ಬಿಡು, ಪೇಪರ್ ತಿದ್ದೋದಾದ್ರೂ ತಪ್ಪುತ್ತೆ," ಎಂದ ತಿರುಮಲೇಶ್. ಅವನು ಹೈಸ್ಕೂಲ್ ಮೇಷ್ಟ್ರು. ಜಗಲಿಯಲ್ಲೇ ಕೂತು ಕಡಲೆಕಾಯಿ ಬಿಡಿಸತೊಡಗಿದ.

ಒಳಕೋಣೆಗೆ ಕಿಟಕಿಯಿರಲಿಲ್ಲ. ಇಲಿ ಹಿಕ್ಕೆ, ಆರಿದ ಮೇಣದಬತ್ತಿ, ಕೊಳೆತ ಚರ್ಮದ ರಟ್ಟು, ಎಲ್ಲ ಸೇರಿದ ವಾಸನೆ ಗಂಟಲಿಗೆ ಅಂಟಿಕೊಂಡಿತು. ಟಾರ್ಚಿನ ಬೆಳಕಿನಲ್ಲಿ ಹರಿತಾ ಮರಣದ ಪುಸ್ತಕದ ಕೊನೆಯ ಹಾಳೆ ತೆರೆದಳು. ಕೊನೆಯ ಸಾಲಿಗೆ ತಾರೀಖಿರಲಿಲ್ಲ, ಹೆಸರಷ್ಟೇ. ಮಸಿ ಕಾಗದವನ್ನು ಅಲ್ಲಲ್ಲಿ ಸುಟ್ಟು ತೂತು ಮಾಡಿತ್ತು. ಮೊದಲರ್ಧ ತಿರುಮಲ ಎಂದಿರಬಹುದು. ಉಳಿದದ್ದು ಹುಳು ಹರಿದಾಡಿದ ಜಾಡು.

ಇಂಥ ಕಡೆ ಅವಳದೊಂದು ರೂಢಿಯಿತ್ತು. ಗೊತ್ತಿರುವ ಹೆಸರೊಂದನ್ನು ಅದೇ ಹಳೆಯ ಕೈಯ ಓಟದಲ್ಲಿ ತಾನೇ ಬರೆದು, ಗೆರೆಗೆ ಗೆರೆ ಹೋಲಿಸಿ ನೋಡುವುದು. ಟ್ರೇಸಿಂಗ್ ಪೇಪರನ್ನು ಹಾಳೆಯ ಮೇಲೆ ಹಾಸಿದಳು. ಬರೆಯುವುದು ತನ್ನ ಕಾಗದದ ಮೇಲೆ ತಾನೆ, ಪುಸ್ತಕದ ಮೇಲಲ್ಲವಲ್ಲ. ಗಂಡನ ಹೆಸರಿಗಿಂತ ಹತ್ತಿರದ್ದು ಯಾವುದಿದೆ? ಆ ರೋಮನ್ ಲಿಪಿಯಲ್ಲಿ ತಿರುಮಲೇಶ್ ಎಂದರೆ ಹತ್ತು ಅಕ್ಷರ. ಪೆನ್ಸಿಲ್ ಒತ್ತಿ ಬರೆದು ಕಾಗದ ಎತ್ತಿದಳು.

ಕೆಳಗಿನ ಹಾಳೆಯಲ್ಲಿ ಪೆನ್ಸಿಲಿನ ಒತ್ತು ಬಿದ್ದಿತ್ತು. ಬಣ್ಣವಿಲ್ಲದ ಹತ್ತು ತಗ್ಗು. ಮೊದಲನೆಯದರಲ್ಲಿ ಮಸಿ ಊರಿತು.

ಜಗಲಿಯಲ್ಲಿ ಹಸಿ ಕಟ್ಟಿಗೆ ಮುರಿದಂಥ ಸದ್ದು. ಹಿಂದೆಯೇ ತಿರುಮಲೇಶನ ಕೂಗು.

ಓಡಿದಳು. ಅವನು ನೆಲದ ಮೇಲಿದ್ದ. ಬಲಗಾಲಿನ ಹಿಮ್ಮಡಿ ಮುಂದಕ್ಕೆ ತಿರುಗಿತ್ತು. ಯಾರೂ ಮುಟ್ಟಿರಲಿಲ್ಲ. ಅವಳ ಕಣ್ಣೆದುರಿಗೇ ಎಡಮೊಣಕಾಲು ಹಿಂದುಮುಂದಾಗಿ ಮಡಿಚಿತು, ಕಬ್ಬು ಮುರಿಯುವ ಹಾಗೆ. ಬಿಳಿ ಮೂಳೆ ಪ್ಯಾಂಟು ಸೀಳಿ ಹೊರಬಂತು. ಆಮೇಲೆ ಮೊಣಕೈ. ಮಣಿಕಟ್ಟು. ಸೊಪ್ಪಿನ ರಾಶಿಯ ಮೇಲೆ ರಕ್ತ ಹಬೆಯಾಡಿತು.

"ಯಾರ ಹೆಸರು ಬರೆದೆ?" ಅಕ್ಕಯಮ್ಮ ಕೇಳಿದಳು.

"ಇವ್ರದೇ ಅಜ್ಜಿ."

ಮುದುಕಿ ಅವನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡು, ಕುತ್ತಿಗೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಜಪ ಶುರುಮಾಡಿದಳು.

ಹರಿತಾ ಒಳಗೆ ಓಡಿದಳು. ಐದು ಅಕ್ಷರ ಕಪ್ಪಾಗಿದ್ದವು. ರಬ್ಬರಿನಿಂದ ಉಜ್ಜಿದಳು. ಹೋಗಲಿಲ್ಲ. ಉಗುರಿನಿಂದ ಕೆರೆದಳು. ಉಗುರೇ ಕಿತ್ತುಬಂತು. ಹಾಳೆಯನ್ನು ಹಿಡಿದು ಎಳೆದಳು. ಅದು ಚರ್ಮದಂತೆ ಹಿಗ್ಗಿತು, ಹರಿಯಲಿಲ್ಲ. ಬೆಚ್ಚಗಿತ್ತು. ಆರು. ಹೊರಗೆ ಪಕ್ಕೆಲುಬು ಮುರಿಯಿತು. ಏಳು. ಕೂಗು ಗೊರಗೊರವಾಯಿತು. ಎಂಟು.

"ಹರಿತಾ... ನೀನು ಹೊರಟೋಗು," ಎಂದ ಅವನು ಹೊರಗಿನಿಂದ. ಬಾಯಿ ತುಂಬ ರಕ್ತವಿದ್ದ ಮಾತು. "ಹೋಗ್ಬಿಡಮ್ಮ."

ಅವಳು ಜಗಲಿಗೆ ಬಂದದ್ದು ಅವನನ್ನು ನೋಡುವುದಕ್ಕಲ್ಲ. ಸೊಪ್ಪಿನ ನಡುವಿನ ಮಚ್ಚನ್ನು ಹೆಕ್ಕಿಕೊಂಡು ಮತ್ತೆ ಕತ್ತಲೆಗೆ ನುಗ್ಗಿದಳು. ಒಂಬತ್ತು ಮುಗಿದಿತ್ತು. ಹತ್ತನೆಯ ತಗ್ಗಿನಲ್ಲಿ ಮಸಿ ಏರುತ್ತಿತ್ತು. ಮುದುಕಿಯ ಹಿಡಿತದೊಳಗೆ ಅವನ ಕುತ್ತಿಗೆ ಕಿರುಗುಟ್ಟುವುದು ಇಲ್ಲಿಗೂ ಕೇಳಿಸಿತು.

ಬಲಗೈಯನ್ನು ಮೇಜಿನ ಮೇಲೆ ಚಾಚಿದಳು. ಎಡಗೈಗೆ ಮಚ್ಚಿನ ಅಭ್ಯಾಸವಿರಲಿಲ್ಲ. ಮೊದಲ ಏಟು ಮೂಳೆಯಲ್ಲಿ ಸಿಕ್ಕಿಕೊಂಡಿತು. ಕಿತ್ತಳು. ಮತ್ತೆ ಹೊಡೆದಳು. ಮತ್ತೆ.

ಹೆಬ್ಬೆರಳು, ತೋರುಬೆರಳು, ನಡುಬೆರಳು. ಪೆನ್ಸಿಲ್ ಹಿಡಿದಿದ್ದ ಮೂರು. ಮೇಜಿನ ಮೇಲೆ ಬಿದ್ದಮೇಲೂ ಅವು ಬರೆಯುವ ಹಾಗೆಯೇ ಮುದುರಿಕೊಂಡಿದ್ದವು.

ಅವಳು ಎಡಗೈಯಿಂದ ಒಂದನ್ನು ಎತ್ತಿ ಹಾಳೆಯ ಮೇಲೆ ಇಟ್ಟಳು. ಒಣಮಣ್ಣು ನೀರನ್ನು ಹೀರುವಂತೆ ಹಾಳೆ ಅದನ್ನು ಒಳಗೆಳೆದುಕೊಂಡಿತು. ಎರಡನೆಯದನ್ನು ಇಟ್ಟಳು. ಮಸಿ ಇನ್ನೂ ಏರುತ್ತಲೇ ಇತ್ತು.

ಮೂರನೆಯದನ್ನೂ ಕೊಟ್ಟಳು. ಹತ್ತನೆಯ ತಗ್ಗಿನಲ್ಲಿ ಮಸಿ ನಿಂತಿತು.

ಜಗಲಿಯಲ್ಲಿ ತಿರುಮಲೇಶ್ ಉಸಿರೆಳೆದುಕೊಂಡ.