ಉಸಿರಿಗೆ ಬೆರಳಚ್ಚಿಲ್ಲ

ತನ್ನ ಪಟ ಶೌಚಾಲಯದ ಪಕ್ಕದ ಗೋಡೆಗೆ ಸಾಗಿದ ದಿನವೇ ಇಂಗಾಲಪ್ಪ ಭಾವಮೈದುನನ ಭೂಮಿಯನ್ನು ಕೊಲ್ಲಬೇಕೆಂದು ತೀರ್ಮಾನಿಸಿದ.

ಇಂಗಾಲಪ್ಪ ಎನ್ನುವುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ವಿಜ್ಞಾನ ಸಂಗ್ರಹಾಲಯದ ಸಹೋದ್ಯೋಗಿಗಳು ಇಟ್ಟದ್ದು. ದೊಡ್ಡ ಹಾಲಿನಲ್ಲಿ ಇಂಗಾಲದ ಚಕ್ರದ ಬಣ್ಣದ ಪಟದ ಮುಂದೆ ಕೋಲು ಹಿಡಿದು ನಿಂತು ಬಂದವರಿಗೆಲ್ಲ ವಿವರಿಸುವುದು ಅವನ ಕೆಲಸ. ಗಾಳಿಯ ಇಂಗಾಲವನ್ನು ಗಿಡ ತಿನ್ನುತ್ತದೆ, ಗಿಡವನ್ನು ಪ್ರಾಣಿ ತಿನ್ನುತ್ತದೆ, ಸತ್ತದ್ದನ್ನು ಮಣ್ಣು ತಿನ್ನುತ್ತದೆ, ಎಲ್ಲರೂ ಉಸಿರಾಡಿ ಅದನ್ನು ಮತ್ತೆ ಗಾಳಿಗೇ ಒಪ್ಪಿಸುತ್ತಾರೆ. ಕಡಲೂ ಕಲ್ಲೂ ತಮ್ಮ ಪಾಲನ್ನು ಗಟ್ಟಿಯಾಗಿ ಹಿಡಿದಿಟ್ಟುಕೊಂಡಿರುತ್ತವೆ. ಮನುಷ್ಯ ನೆಲದಡಿಯ ಕಲ್ಲಿದ್ದಲು, ಎಣ್ಣೆ ತೆಗೆದು ಸುಟ್ಟರೆ ಗಾಳಿಯಲ್ಲಿ ಇಂಗಾಲ ಹೆಚ್ಚಿ, ಭೂಮಿಗೆ ಬೇಡದ ಕಂಬಳಿ ಹೊದಿಸಿದಂತಾಗುತ್ತದೆ. ಇದನ್ನೆಲ್ಲ ಅವನು ಎಷ್ಟು ಮನಮುಟ್ಟುವಂತೆ ಹೇಳುತ್ತಿದ್ದನೆಂದರೆ ಮುಂದಿನ ಸಾಲಿನವರ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೂ ಈಚೆಗೆ ಅವರು ಒಬ್ಬೊಬ್ಬರೇ ಹಿಂದೆ ಸರಿದು ಗಾಜಿನ ಗೋಳದತ್ತ ಜಾರಿಕೊಳ್ಳತೊಡಗಿದ್ದರು.

ಆ ಗೋಳ ಅವನ ಹೆಂಡತಿಯ ತಮ್ಮನದು. ಇಂಗಾಲಪ್ಪನೇ ಕೈಕಾಲು ಹಿಡಿದು ಸಂಗ್ರಹಾಲಯದ ತೋಟದ ಕೆಲಸಕ್ಕೆ ಸೇರಿಸಿದ್ದ ಆಸಾಮಿ. ಗಿಡಕ್ಕೆ ನೀರು ಹಾಕಿಕೊಂಡು ಬಿದ್ದಿರಬೇಕಾದವನು ಒಬ್ಬ ಮನುಷ್ಯ ಒಳಗೆ ಕೂರಬಹುದಾದಷ್ಟು ದೊಡ್ಡ ಗಾಜಿನ ಗೋಳ ತಂದು, ಒಳಗೆ ಮಣ್ಣು, ಪಾಚಿ, ಜರೀಗಿಡ, ಒಂದು ಪುಟ್ಟ ಕೊಳ, ನಾಲ್ಕಾರು ಬಸವನಹುಳು ಇಟ್ಟು ಬಾಯಿ ಮುಚ್ಚಿ ಅದಕ್ಕೆ ಭೂಮಿ ಎಂದು ಹೆಸರಿಟ್ಟ. ಹೊರಗೆ, ಒಳಗಿನ ಇಂಗಾಲ ಅಳೆಯುವ ಮುಳ್ಳಿನ ಮಾಪಕ. ದೀಪ ಹಚ್ಚಿದರೆ ಗಿಡಗಳು ಇಂಗಾಲ ತಿಂದು ಮುಳ್ಳು ಇಳಿಯುತ್ತದೆ, ಆರಿಸಿದರೆ ಏರುತ್ತದೆ. ಇಷ್ಟು ಸಣ್ಣ ಗಾಜಿನೊಳಗೆ ಕಂಬಳಿಯ ಸೆಕೆ ಗೊತ್ತಾಗುವುದಿಲ್ಲವೆಂದು ಮುಳ್ಳು ಏರಿದಷ್ಟೂ ಬಿಸಿಯಾಗುವ ಹೀಟರನ್ನೂ ಜೋಡಿಸಿದ್ದ. "ಅಯ್ಯೋ, ಉಸಿರಾಡ್ತಿದೆ ನೋಡ್ರೀ!" ಎಂದು ಜನ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದರು.

"ನಿಮ್ಮ ಪಟ ನೋಡೋಕೆ ಅಲ್ಲೂ ಜನ ಬರ್ತಾರೆ ಬಿಡಿ," ಎಂದು ನಿರ್ದೇಶಕಿ ಸಮಾಧಾನ ಮಾಡಿದ್ದರು. "ಶೌಚಾಲಯಕ್ಕೆ ಎಲ್ಲರೂ ಒಂದಲ್ಲ ಒಂದು ಸಲ ಬರ್ಲೇಬೇಕಲ್ಲ."

ಸಂಗ್ರಹಾಲಯದ ಸಮಿತಿಯವರು ಬಂದು ನೋಡುವ ತನಕ ಗೋಳ ಚೆನ್ನಾಗಿದ್ದರೆ ದೊಡ್ಡ ಹಾಲ್ ಅದಕ್ಕೇ ಖಾಯಂ, ಇಂಗಾಲಪ್ಪ ಟಿಕೆಟ್ ಕಿಟಕಿಗೆ. ಮುಳ್ಳು ಕೆಂಪು ಗೆರೆ ದಾಟಿ ಒಳಗಿನದೆಲ್ಲ ಬಾಡಿದರೆ ಗೋಳ ಗುಜರಿಗೆ, ಪಟ ಮತ್ತೆ ಹಾಲಿಗೆ. ಟಿಕೆಟ್ ಹರಿಯುತ್ತ ಮುದುಕನಾಗುವುದನ್ನು ನೆನೆದಾಗಲೆಲ್ಲ ಅವನ ಹೊಟ್ಟೆ ಉರಿಯುತ್ತಿತ್ತು.

ಗಾಜು ಒಡೆಯುವುದು ಪುಂಡರ ಕೆಲಸ. ಅವನು ಕಲಿತವನು, ಭೂಮಿಯನ್ನು ಭೂಮಿಯ ನಿಯಮದಿಂದಲೇ ಮುಗಿಸಬೇಕು. ಒಳಗೆ ಬೆಂಕಿಕಡ್ಡಿ ಉರಿಸಿದರೆ ಮಸಿ ಉಳಿಯುತ್ತದೆ. ಸೀಮೆಸುಣ್ಣದ ಮೇಲೆ ವಿನೆಗರ್ ಸುರಿದರೆ ಇಂಗಾಲವೇನೋ ಧಾರಾಳವಾಗಿ ಬರುತ್ತದೆ, ಆದರೆ ಆ ಹುಳಿ ವಾಸನೆ ಹಿಡಿಯಲು ನಾಯಿಯೇ ಬೇಕಿಲ್ಲ, ನೆಗಡಿಯಾದವನಿಗೂ ಗೊತ್ತಾಗುತ್ತದೆ. ವಾಸನೆಯೇ ಅಪರಾಧಿಯ ಶತ್ರು ಎಂದು ಅವನು ತಲೆದೂಗಿಕೊಂಡ. ಕೊನೆಗೊಂದು ದಿನ ಪಟದಲ್ಲಿ 'ಉಸಿರಾಟ' ಎಂಬ ಬಾಣದ ಮೇಲೆ ಕೋಲು ಇಟ್ಟವನು ಅಲ್ಲೇ ಕಲ್ಲಾಗಿ ನಿಂತ. ಆಯುಧ ಎದೆಯೊಳಗೇ ಇತ್ತು! ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲ. ಕೊಳ್ಳಬೇಕಿಲ್ಲ, ಬಚ್ಚಿಡಬೇಕಿಲ್ಲ. ಜಗತ್ತಿನ ಯಾವ ಪೊಲೀಸೂ ಉಸಿರಿನ ಬೆರಳಚ್ಚು ತೆಗೆದಿಲ್ಲ.

ಊಟದ ಬಿಡುವಿನಲ್ಲಿ ಹಾಲಿಗೆ ಬೀಗ, ವಿದ್ಯುತ್ ಉಳಿತಾಯಕ್ಕೆಂದು ದೀಪವೂ ಆಫ್. ಕತ್ತಲಲ್ಲಿ ಗಿಡಗಳು ಇಂಗಾಲ ತಿನ್ನುವುದಿಲ್ಲ. ಪಟ ಹಾಲಿನಲ್ಲಿದ್ದಾಗ ಧೂಳು ಒರೆಸಲೆಂದು ಕೊಟ್ಟಿದ್ದ ಕೀಲಿಕೈ ಇನ್ನೂ ಅವನ ಬಳಿಯೇ ಇತ್ತು. ಕೈಗೆ ಗವಸು ಹಾಕಿ, ಚಪ್ಪಲಿ ಕಳಚಿ, ಗೋಳದ ಹಿಂಬದಿಯ ಎರಡು ಬಿರಡೆ ತೆಗೆದ. ಒಂದು ತೂತಿಗೆ ರಬ್ಬರ್ ಕೊಳವೆ, ಒಳಗಿನ ಗಾಳಿ ಹೊರಹೋಗಲು ಇನ್ನೊಂದು. ಎದೆ ತುಂಬ ಉಸಿರೆಳೆದು, ಇಂಗಾಲ ಚೆನ್ನಾಗಿ ಸೇರಲೆಂದು ಮುಖ ಬದನೆಕಾಯಿಯಾಗುವ ತನಕ ಹಿಡಿದು, ಊದಿದ. ಮುಳ್ಳು ಅಲುಗಿತು. ಅವನಿಗೆ ಕುಣಿಯಬೇಕೆನಿಸಿತು, ಆದರೆ ತಲೆ ಸುತ್ತುತ್ತಿದ್ದುದರಿಂದ ಕುಳಿತುಕೊಂಡ.

ದಿನವೂ ಊದಿದ. ಊಟ ಬಿಟ್ಟು ಊದಿದ. ಸೊಂಟದ ಸುತ್ತಳತೆ ಇಳಿದು, ಹೆಂಡತಿ "ಏನ್ರೀ, ಆಫೀಸಲ್ಲಿ ಯೋಗ ಏನಾದ್ರೂ ಶುರು ಮಾಡಿದ್ರಾ?" ಎಂದಳು. ಬರಬರುತ್ತ ಊದುವ ಕೆಲಸವೂ ಹಗುರಾಯಿತು. ಸೆಕೆಗೆ ಪಾಚಿ ಬಾಡಿತು, ಬಾಡಿದ್ದು ಕೊಳೆಯಿತು, ಕೊಳೆತದ್ದು ಇನ್ನಷ್ಟು ಇಂಗಾಲ ಉಗುಳಿತು, ಹೀಟರ್ ಇನ್ನಷ್ಟು ಕಾಯಿತು. ಇಷ್ಟು ವರ್ಷ ಬಾಯಲ್ಲಿ ಹೇಳಿದ್ದು ಕಣ್ಣೆದುರೇ ನಡೆಯುವುದನ್ನು ಕಂಡು ಅವನಿಗೆ ಹೆಮ್ಮೆಯೆನಿಸಿತು. ಬಸವನಹುಳುಗಳನ್ನು ಕಂಡು ಕೊಂಚ ಪಾಪವೆನಿಸಿದ್ದೂ ನಿಜ. ಅವು ಗಾಜಿನ ತುತ್ತತುದಿಗೆ ಹತ್ತಿ, ಅವನಿಗೆ ಬೆನ್ನು ಹಾಕಿ ಕುಳಿತಿದ್ದವು.

ಭಾವಮೈದುನ ಊಟ ನಿದ್ದೆ ಬಿಟ್ಟ. "ಭಾವ, ನಿಮ್ಮಷ್ಟು ತಿಳಿದೋರು ಇಲ್ಲಿ ಯಾರಿದ್ದಾರೆ? ಎಲ್ಲಿ ತಪ್ಪಾಯ್ತು ಅಂತ ನೀವೇ ಹೇಳಿ," ಎಂದು ಕೈ ಹಿಡಿದುಕೊಂಡ.

"ಎಲ್ಲಿಂದಲೋ ಬರ್ತಿದೆ ಕಣಪ್ಪ," ಎಂದು ಇಂಗಾಲಪ್ಪ ನಿಟ್ಟುಸಿರು ಬಿಟ್ಟ. ಭಾವಮೈದುನ ಕಣ್ಣೊರೆಸಿಕೊಂಡು ಮುಖ ಆಚೆ ತಿರುಗಿಸಿದ. ದುಃಖ ಅತಿಯಾಗಿದೆ ಎಂದುಕೊಂಡ ಇಂಗಾಲಪ್ಪನಿಗೆ ಆ ಕ್ಷಣ ಅವನ ಮೇಲೆ ಪ್ರೀತಿಯೇ ಉಕ್ಕಿತು.

ಸಮಿತಿ ಬರುವ ದಿನವೂ ಬಿಡುವಿನಲ್ಲಿ ಕೊನೆಯ ಕಂತು ಊದಿ, ಕೊಳವೆಯನ್ನು ತುಂಡು ಮಾಡಿ ಬೇರೆ ಬೇರೆ ಕಸದಬುಟ್ಟಿಗೆ ಹಾಕಿ, ಕನ್ನಡಿಯಲ್ಲಿ ಸಂತಾಪದ ಮುಖವನ್ನು ಎರಡು ಸಲ ಅಭ್ಯಾಸ ಮಾಡಿ ಬಂದ. ಮುಳ್ಳು ಕೆಂಪು ಗೆರೆ ದಾಟಿ ನಿಂತಿತ್ತು. ಸಮಿತಿಯ ಅಧ್ಯಕ್ಷರು ತಲೆಯಾಡಿಸಿದರು. "ಗುಜರಿಗೆ ಹಾಕೋ ಮುಂಚೆ ಒಳಗೇನಾಗಿದೆ ನೋಡೇಬಿಡೋಣ, ತೆಗೀರಿ," ಎಂದರು ನಿರ್ದೇಶಕಿ.

ಭಾವಮೈದುನ ಅಳುತ್ತಲೇ ಮುಚ್ಚಳ ತಿರುಗಿಸಿದ. ಬುಸ್ಸೆಂದು ಬೆಚ್ಚನೆಯ ಗಾಳಿ ಹೊರಬಂತು. ಅಧ್ಯಕ್ಷರು ಕರವಸ್ತ್ರಕ್ಕೆ ತಡಕಾಡಿದರು, ನಿರ್ದೇಶಕಿ ಕಿಟಕಿಗೆ ಓಡಿದರು, ಮುಂದಿನ ಸಾಲು ಪೂರ್ತಿ ಹಿಂದೆ ಸರಿಯಿತು. ಹಾಲಿನಲ್ಲಿ ಏನೂ ವಾಸನೆ ಗೊತ್ತಾಗದವನೆಂದರೆ ಇಂಗಾಲಪ್ಪ ಒಬ್ಬನೇ. ಭಾವಮೈದುನನ ಅಳು ಮಾತ್ರ ಥಟ್ಟನೆ ನಿಂತಿತು. ಗೋಳದೊಳಗೆ ತಲೆ ಹಾಕಿ ಒಮ್ಮೆ, ಭಾವನ ಕಡೆ ತಿರುಗಿ ಇನ್ನೊಮ್ಮೆ ಮೂಸಿ ನೋಡಿದ. "ಭಾವ," ಎಂದ, "ಬಿ.ಪಿ.ಗೆ ಒಳ್ಳೇದು ಅಂತ ಅಕ್ಕ ನಿಮಗೆ ದಿನಾ ಬೆಳಗ್ಗೆ ತಿನ್ನಿಸ್ತಾಳಲ್ಲ ಹಸಿ ಬೆಳ್ಳುಳ್ಳಿ, ಅದು ನನ್ನ ಭೂಮಿಯೊಳಗೆ ಹೇಗೆ ಬಂತು?" ಅಲ್ಲವೆನ್ನಲು ಇಂಗಾಲಪ್ಪ ಬಾಯಿ ತೆರೆದ. ತೆರೆಯಬಾರದಿತ್ತು.