ಗೊತ್ತಿದ್ದೂ ಕೇಳಿದ ಪಾಠ

ಪಕ್ಕದಲ್ಲಿ ಕೂತವನು ಗೊರಕೆ ಹೊಡೆಯದಿದ್ದರೆ ಅವಳು ಅವನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಅದು ಯೂನಿವರ್ಸಿಟಿಯ ಅರ್ಥಶಾಸ್ತ್ರದ ಸಂಜೆ ಕ್ಲಾಸು. ಡಿಗ್ರಿ ಓದುವವರಿಗಷ್ಟೇ ಅಲ್ಲ, ಆಸೆಯಿದ್ದ ಊರವರಿಗೆಲ್ಲ ಅಲ್ಲಿ ಬಾಗಿಲು ತೆರೆದಿತ್ತು. ಬಂದು ಕೂತು ಕೇಳಬಹುದು. ಬೇಕೆಂದವರು ಕೊನೆಗೆ ಪರೀಕ್ಷೆಯನ್ನೂ ಬರೆಯಬಹುದು.

ಅವಳು ಸಿಟಿ ಬಸ್ಸಿನ ಡ್ರೈವರ್. ಅಮ್ಮ ಹಾಸಿಗೆ ಹಿಡಿದ ವರ್ಷ ಕಾಲೇಜು ಬಿಟ್ಟು ಸ್ಟಿಯರಿಂಗ್ ಹಿಡಿದವಳು. ಈಗ ಅಮ್ಮ ಇಲ್ಲ, ತಂಗಿ ಓದಿ ಕೆಲಸಕ್ಕೆ ಸೇರಿದ್ದಾಳೆ, ತನಗೆ ನಲವತ್ತು ಹತ್ತಿರ ಬಂದಿದೆ. ಅರ್ಧಕ್ಕೆ ನಿಂತ ಓದು ಮಾತ್ರ ಹಲ್ಲಿಗೆ ಸಿಕ್ಕ ನಾರಿನಂತೆ ಕಾಡುತ್ತಲೇ ಇತ್ತು.

ಗೊರಕೆ ಜೋರಾದಾಗ ಅವಳು ಮೊಣಕೈಯಿಂದ ತಿವಿದಳು. ಅವನು ಬೆಚ್ಚಿಬಿದ್ದು, "ಇನ್ನೊಂದು ಟ್ರೇ ಇದೆ" ಎಂದ, ಎಲ್ಲರಿಗೂ ಕೇಳುವ ಹಾಗೆ. ಇಡೀ ಕ್ಲಾಸು ನಕ್ಕಿತು.

ಹೊರಗೆ ಬಂದ ಮೇಲೂ ಅವಳು ಬಿಡಲಿಲ್ಲ. "ಮಲಗೋಕೆ ಮನೇಲಿ ಹಾಸಿಗೆ ಇಲ್ವಾ?"

"ಇದೆ. ಆದ್ರೆ ಅಲ್ಲಿ ಯಾರೂ ಅರ್ಥಶಾಸ್ತ್ರ ಹೇಳ್ಕೊಡಲ್ಲ." ಅವನು ಕತ್ತು ಉಜ್ಜಿಕೊಂಡ. "ನಮ್ಮದು ಬೇಕರಿ. ಕೋಳಿಗಿಂತ ಮುಂಚೆ ಎದ್ದು ಹಿಟ್ಟು ನಾದಬೇಕು. ಸಂಜೆ ಆದ್ರೆ ಕಣ್ಣು ನನ್ನ ಮಾತು ಕೇಳಲ್ಲ."

ಅವನ ಎಡಹುಬ್ಬಿನ ತುದಿಗೆ ಹಿಟ್ಟು ಅಂಟಿತ್ತು. ಬಯ್ಯಬೇಕೆಂದುಕೊಂಡದ್ದು ಅವಳ ಬಾಯಲ್ಲೇ ಉಳಿಯಿತು.

"ಇವತ್ತು ಏನು ಹೇಳಿದ್ರು?" ಅವನು ಕೇಳಿದ.

"ಬೇಡಿಕೆಯ ಸ್ಥಿತಿಸ್ಥಾಪಕತ್ವ."

"ಅಬ್ಬಾ. ಅದನ್ನ ಹೇಳಿ ಮುಗಿಸೋಷ್ಟರಲ್ಲಿ ನಮ್ಮ ಬ್ರೆಡ್ಡು ಸೀದುಹೋಗುತ್ತೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಬಸ್ ಸ್ಟಾಪಿನವರೆಗೆ ನಡೆಯುತ್ತಾ ಹೇಳಿದಳು. "ಬಸ್ ಟಿಕೆಟ್ ದರ ಏರಿತು ಅಂದ್ಕೊಳ್ಳಿ. ಆಸ್ಪತ್ರೆಗೆ ಹೋಗೋರು ಹತ್ತೇ ಹತ್ತುತ್ತಾರೆ. ಸುಮ್ನೆ ಪಾರ್ಕಿಗೆ ಹೋಗೋರು ನಡ್ಕೊಂಡು ಹೋಗ್ತಾರೆ. ಮೊದಲನೆಯವರ ಬೇಡಿಕೆ ಅಲ್ಲಾಡಲ್ಲ, ಎರಡನೆಯವರದ್ದು ಅಲ್ಲಾಡುತ್ತೆ. ಗೊತ್ತಾಯ್ತಾ?"

ಅವನು ನಿಂತೇಬಿಟ್ಟ. "ಗೊತ್ತಾಯ್ತು" ಎಂದ, ತನಗೇ ಆಶ್ಚರ್ಯವಾದವನಂತೆ.

ಆಮೇಲೆ ಅದೇ ರೂಢಿಯಾಯಿತು. ಅವನು ತೂಕಡಿಸುವುದು, ಅವಳು ತಿವಿಯುವುದು, ಕ್ಲಾಸು ಬಿಟ್ಟ ಮೇಲೆ ದಾರಿಯುದ್ದಕ್ಕೂ ಪಾಠ. ಅವನು ಅಡ್ಡಪ್ರಶ್ನೆ ಹಾಕುತ್ತಿದ್ದ; ಉತ್ತರ ಹುಡುಕಲು ಅವಳು ಮನೆಯಲ್ಲಿ ಮತ್ತೆ ಪುಸ್ತಕ ತೆರೆಯುತ್ತಿದ್ದಳು. ಅವಳು ಉತ್ತರ ಹೇಳುವಾಗ ಅವನು ಪುಸ್ತಕ ನೋಡುತ್ತಿರಲಿಲ್ಲ, ಅವಳ ಮುಖ ನೋಡುತ್ತಿದ್ದ. ಅವಳು ಗಮನಿಸಿದರೆ ತಟ್ಟನೆ ಬೀದಿದೀಪ ನೋಡುತ್ತಿದ್ದ.

"ಅಕ್ಕಾ, ಕ್ಲಾಸಿರೋ ದಿನ ಮಾತ್ರ ಬಟ್ಟೆಗೆ ಇಸ್ತ್ರಿ ಬೀಳುತ್ತಲ್ಲ?" ತಂಗಿ ರೇಗಿಸಿದಳು.

"ಸುಮ್ನಿರೇ."

ಇನ್ನೊಬ್ಬರಿಗೆ ಹೇಳಿಕೊಡಬಲ್ಲೆ ಎಂಬ ಧೈರ್ಯದಲ್ಲಿ ಪರೀಕ್ಷೆ ಬರೆಯಲು ಅವಳು ಮನಸ್ಸು ಮಾಡಿದಳು.

ಪರೀಕ್ಷೆಗೆ ಹೆಸರು ಕೊಡಲು ಇನ್ನೊಂದೇ ವಾರ ಉಳಿದಿದ್ದಾಗ, ಕ್ಲಾಸು ಮುಗಿಸಿ ಹೊರಡುತ್ತಿದ್ದ ಲೆಕ್ಚರರ್ ಮೇಡಂ ಅವರಿಬ್ಬರ ಬೆಂಚಿನ ಹತ್ತಿರ ನಿಂತು ಅವನಿಗೆ ಹೇಳಿದರು: "ಎಲ್ಲಾ ಕ್ಲಾಸಿನ ರೆಕಾರ್ಡಿಂಗನ್ನೂ ಪೂರ್ತಿ ಕೇಳೋರು ನೀವೊಬ್ಬರೇ ನೋಡಿ. ಮೊನ್ನೆ ನೀವು ಕಳಿಸಿದ ಪ್ರಶ್ನೆ ತುಂಬಾ ಚೆನ್ನಾಗಿತ್ತು."

ಮೇಡಂ ಹೋದರು. ಅವನು ತಲೆ ತಗ್ಗಿಸಿದ.

"ಎಲ್ಲಾ ಗೊತ್ತಿತ್ತಾ ನಿಮಗೆ?" ಅವಳ ದನಿ ಸಣ್ಣದಾಗಿತ್ತು.

"ಮೊದಮೊದಲು ಗೊತ್ತಿರಲಿಲ್ಲ. ರೆಕಾರ್ಡಿಂಗ್ ಸಿಗುತ್ತೆ ಅಂತ ಆಮೇಲೆ ತಿಳೀತು. ಹೇಳಿದ್ರೆ ನೀವು ಜೊತೆಗೆ ನಡೆದು ಬರಲ್ವೇನೋ ಅನ್ನಿಸ್ತು."

"ಕೇಳಿದ್ರೆ ಬರ್ತಿದ್ದೆ" ಎಂದು ಅವಳು ಬ್ಯಾಗು ಎತ್ತಿಕೊಂಡು ಹೊರಟಳು.

ಮನೆಗೆ ಬಂದವಳು ಊಟಕ್ಕೂ ಏಳಲಿಲ್ಲ. "ಗೊತ್ತಿದ್ದವನಿಗೆ ಪಾಠ ಹೇಳಿ ನಗೆಪಾಟಲಾದೆ. ಪರೀಕ್ಷೆನೂ ಬೇಡ, ಏನೂ ಬೇಡ" ಎಂದಳು.

ತಂಗಿ ಪಕ್ಕದಲ್ಲಿ ಕೂತು ಕೇಳಿದಳು. "ಅವರು ನಕ್ಕರಾ?"

ಅವಳು ಯೋಚಿಸಿದಳು. ಇಲ್ಲ. ಒಂದು ದಿನವೂ ನಕ್ಕಿರಲಿಲ್ಲ.

ಮುಂದಿನ ಕ್ಲಾಸಿಗೆ ಅವಳು ಹೋಗಲಿಲ್ಲ. ಹೆಸರು ಕೊಡುವ ಕೊನೆಯ ದಿನ ಮಾತ್ರ ಬೆಳಗಿನ ಡ್ಯೂಟಿಗೆ ಹೊರಟ ಕಾಲು ಬೇಕರಿಯ ಬೀದಿಗೆ ತಿರುಗಿತು. ಕದ ಅರ್ಧ ತೆರೆದಿತ್ತು. ಒಳಗೆ ಸಕ್ಕರೆ ಡಬ್ಬಕ್ಕೆ ಒರಗಿಸಿದ ಫೋನಿನಲ್ಲಿ ಮೇಡಂ ದನಿ. ಅವನು ಹಿಟ್ಟು ನಾದುತ್ತಿದ್ದ. ಯೂನಿಫಾರ್ಮಿನಲ್ಲಿ ನಿಂತವಳನ್ನು ಕಂಡು ಅವನ ಕೈ ನಿಂತಿತು.

"ನಿಲ್ಲಿಸಬೇಡಿ, ಹಿಟ್ಟು ಕೆಡುತ್ತೆ" ಎಂದಳು. "ಒಂದು ಕೇಳ್ಬೇಕಿತ್ತು. ನಾನು ಹೇಳಿದ್ದು ನಿಜವಾಗ್ಲೂ ಅರ್ಥ ಆಗ್ತಿತ್ತಾ, ಇಲ್ಲಾ ಸುಮ್ನೆ ತಲೆ ಆಡಿಸ್ತಿದ್ರಾ?"

ಅವನು ಫೋನು ಆರಿಸಿದ. "ಮೇಡಂ ಹೇಳಿದ್ದನ್ನ ಮೂರು ಸಲ ಕೇಳಿದ್ರೂ ನನಗೆ ಗ್ರಾಫಿನ ಗೆರೆ ಮಾತ್ರ ಕಾಣೋದು. ನೀವು ಹೇಳಿದ ಮೇಲೆ ಜನ ಕಾಣ್ತಿದ್ರು. ಒಬ್ರು ಆಸ್ಪತ್ರೆಗೆ ಹೋಗೋರು, ಹತ್ತೇ ಹತ್ತುತ್ತಾರೆ. ಇನ್ನೊಬ್ರು ಪಾರ್ಕಿಗೆ, ನಡ್ಕೊಂಡು ಹೋಗ್ತಾರೆ. ಗೊತ್ತಾಯ್ತಾ?"

ಆ ಕೊನೆಯ ಮಾತಿಗೆ ಅವನ ಹುಬ್ಬು ಅವಳ ಹುಬ್ಬಿನಂತೆಯೇ ಮೇಲೇರಿತು. ಇಷ್ಟು ದಿನ ಅವನು ಏನು ನೋಡುತ್ತಿದ್ದ ಎಂದು ಅವಳಿಗೆ ಆಗ ತಿಳಿಯಿತು. ಕೆನ್ನೆ ಬಿಸಿಯಾದದ್ದಕ್ಕೆ ಒಲೆಯ ಕಾವೇ ಕಾರಣ ಎಂದುಕೊಂಡಳು.

"ಪರೀಕ್ಷೆ ಬರೀರಿ. ನನ್ನ ಮೇಲಿನ ಸಿಟ್ಟಿಗೆ ನಿಮ್ಮ ಓದು ಬಿಡಬೇಡಿ" ಎಂದ ಅವನು.

"ಬರೀತೀನಿ." ಆಮೇಲೆ ಕೇಳಿದಳು. "ಇನ್ನೇನಾದ್ರೂ ಮುಚ್ಚಿಟ್ಟಿದ್ದೀರಾ?"

"ಒಂದಿದೆ. ಸಿಲೆಬಸ್‌ನಲ್ಲಿ ಇಲ್ಲ."

"ಹೇಳಿ."

ಅವನು ಹಿಟ್ಟಿನ ಕೈಗಳನ್ನು ನೋಡಿಕೊಂಡ, ನೆಲ ನೋಡಿದ, ಕೊನೆಗೆ ಅವಳನ್ನೇ ನೋಡಿದ. "ನೀವಂದ್ರೆ ನನಗೆ ಇಷ್ಟ. ಪಾಠ ಮುಗಿದ ಮೇಲೂ ನೀವು ಜೊತೆಗಿರಬೇಕು ಅಂತ ಆಸೆ."

"ಅದು ನಮ್ಮ ತಂಗಿಗೂ ಗೊತ್ತು" ಎಂದಳು ಅವಳು.

ಅವನು ನಗಲೋ ಬೇಡವೋ ಎಂದು ನಿಂತ. ಡ್ಯೂಟಿಗೆ ಹೊತ್ತಾಗುತ್ತಿತ್ತು. ಅವಳು ಬಾಗಿಲವರೆಗೆ ಹೋಗಿ ತಿರುಗಿದಳು. ಇಷ್ಟು ದಿನ ಬಹುವಚನದಲ್ಲೇ ಮಾತಾಡಿದ ಬಾಯಿ ಒಂದು ಗಳಿಗೆ ತಡವರಿಸಿತು.

"ಭಾನುವಾರ ಮನೆಗೆ ಬಾ" ಎಂದಳು. "ತಂಗಿ ನಿನ್ನ ನೋಡ್ಬೇಕಂತೆ."